ಫ್ರಂಟ್ ಲೋಡ್ ವಾಷಿಂಗ್ ಮಶೀನಲ್ಲಿ ನೀರು ನಿಂತುಬಿಡ್ತಿದೆ, ಪಂಪ್ ಹೋಗಿದೆ ಅಂತಿದಾರೆ, ನಿಜಾನಾ?

ಬಟ್ಟೆ ಒಗೆಯುತ್ತೆ, ಸ್ಪಿನ್‌ಗೆ ಹೋಗೋ ಮುಂಚೆ ನೀರು ಅಲ್ಲೇ ನಿಂತುಬಿಡುತ್ತೆ, ಬಂದ ಮೆಕ್ಯಾನಿಕ್ ಏನೂ ಬಿಚ್ಚದೇನೇ ಪಂಪ್ ಬದಲಾಯಿಸ್ಬೇಕು ಅಂದ ಅಂತ ಬರ್ದಿದ್ದೀರ. ಬಿಚ್ಚದೆ ಹೇಳಿದ್ರೆ ಸದ್ಯಕ್ಕೆ ದುಡ್ಡು ಕೊಡ್ಬೇಡಿ. ನಾನು ಮೆಕ್ಯಾನಿಕ್ ಅಲ್ಲ, ಆದ್ರೆ ನಮ್ಮನೇಲಿ ಇದೇ ಕಾಟ ಎರಡು ಸಲ ಆಗಿದೆ, ಎರಡು ಸಲಾನೂ ಪಂಪ್ ಗಟ್ಟಿಮುಟ್ಟಾಗೇ ಇತ್ತು.

ಮೊದ್ಲು ಮಶೀನ್‌ನ ಡ್ರೇನ್ ಅಥವಾ ಸ್ಪಿನ್‌ಗೆ ಹಾಕಿ ಕೆಳಗೆ ಕಿವಿ ಕೊಟ್ಟು ಕೇಳಿ. ಗುಂಯ್ ಅಂತ ಮುಕ್ಕರಿತಿದ್ಯಾ, ಹಾಗಾದ್ರೆ ಪಂಪಿನ ಫ್ಯಾನಿಗೆ ಏನೋ ಸಿಕ್ಕಾಕೊಂಡಿದೆ. ಆರಾಮಾಗಿ ತಿರುಗೋ ಸದ್ದು ಇದೆ, ನೀರು ಮಾತ್ರ ಹೋಗ್ತಿಲ್ಲ ಅಂದ್ರೆ ಪೈಪ್ ಕಡೆ ನೋಡ್ಬೇಕು. ಸದ್ದೇ ಇಲ್ಲ ಅಂದ್ರೆ ಮಾತ್ರ ಪಂಪ್ ಮೇಲೋ ವೈರ್ ಮೇಲೋ ಅನುಮಾನ ಪಡಿ. ಡಿಸ್ಪ್ಲೇಲಿ ಬರೋ ಎರರ್ (ಎಲ್‌ಜಿಲಿ ಓಇ, ಸ್ಯಾಮ್‌ಸಂಗಲ್ಲಿ 5ಸಿ ಅಥವಾ 5ಇ, ಬಾಷಲ್ಲಿ ಇ18) ನೀರು ಹೋಗ್ತಿಲ್ಲ ಅಂತಷ್ಟೇ ಹೇಳುತ್ತೆ, ಯಾಕೆ ಅಂತ ಹೇಳಲ್ಲ, ಅದನ್ನ ತೋರಿಸಿ ಪಂಪ್ ಹೋಗಿದೆ ಅಂದ್ರೆ ನಂಬಬೇಡಿ.

ಇನ್ನು ಪಂಪಿಗೆ ಹೋಗೋ ಕಸ ತಡೆಯೋ ಫಿಲ್ಟರ್. ಮುಂದುಗಡೆ ಕೆಳಗೆ ಮೂಲೇಲಿ, ಜಾಸ್ತಿ ಮಶೀನಲ್ಲಿ ಬಲಗಡೆ, ಸಣ್ಣ ಬಾಗ್ಲು ಇರುತ್ತೆ ನೋಡಿ, ಅದರೊಳಗೆ. ಪ್ಲಗ್ ಕಿತ್ತು, ಬಿಸಿನೀರಲ್ಲಿ ಒಗೀತಿದ್ರೆ ಆರೋ ತನಕ ಕಾದು, ಫಿಲ್ಟರ್ ಪಕ್ಕದಲ್ಲಿ ಬೆರಳು ದಪ್ಪದ ಟ್ಯೂಬ್ ಇದ್ರೆ ಅದರ ಬಿರಡೆ ತೆಗೆದು ನೀರನ್ನ ಸ್ವಲ್ಪ ಸ್ವಲ್ಪ ಬಿಡಿ. ಬಕೆಟ್ ಅಲ್ಲಿ ಹಿಡಿಯಲ್ಲ, ಹಿಟ್ಟು ಕಲಸೋ ಅಗಲ ತಟ್ಟೆ ಬೇಕು, ತುಂಬಿದಂಗೆಲ್ಲ ಮುಚ್ಚಿ, ಚೆಲ್ಲಿ, ಮತ್ತೆ ಬಿಡಬೇಕು. ಮೊದಲ್ನೇ ಸಲ ನಾನು ಇದೇನೂ ಗೊತ್ತಿಲ್ದೆ ಸೀದಾ ಫಿಲ್ಟರ್ ತಿರುಗಿಸ್ಬಿಟ್ಟೆ, ಯುಟಿಲಿಟಿ ತುಂಬಾ ಕೆರೆ, ಅಪ್ಪನ ಎರಡು ಹಳೇ ಪಂಚೆ ಒರೆಸೋಕೇ ಹೋಯ್ತು. ಒಳಗೆ ಸಿಕ್ಕಿದ್ದು ಒಂದು ಹೇರ್‌ಪಿನ್, ಎರಡು ರೂಪಾಯಿ ನಾಣ್ಯ, ಆಮೇಲೆ ಅಪ್ಪನ ಶರ್ಟ್ ಜೇಬಿಂದ ಬಿದ್ದ ಅಡಿಕೆ ಹೋಳು (ಶಿವಮೊಗ್ಗ ಕಡೆಯವ್ರು, ಜೇಬಲ್ಲಿ ಅಡಿಕೆ ಇಲ್ದೆ ಇರಲ್ಲ). ಫಿಲ್ಟರ್ ತೊಳೆದು ಹಾಗೇ ಹಾಕ್ಬೇಡಿ, ಆ ತೂತಿಗೆ ಟಾರ್ಚ್ ಹಿಡಿದು ನೋಡಿ, ಹಿಂದೆ ಫ್ಯಾನ್ ಕಾಣುತ್ತೆ, ಕಡ್ಡೀಲಿ ತಿರುಗಿಸಿ ನೋಡಿ. ನಮ್ಮ ಅಡಿಕೆ ಅಲ್ಲೇ ಕೂತಿತ್ತು. ಫ್ಯಾನ್ ತಡೆದು ತಡೆದು ಜಗ್ಗಿದಂಗೆ ತಿರುಗಿದ್ರೆ ಕೆಟ್ಟಿದೆ ಅನ್ಕೋಬೇಡಿ, ಒಳಗೆ ಮ್ಯಾಗ್ನೆಟ್ ಇರೋದ್ರಿಂದ ಅದು ತಿರುಗೋದೇ ಹಾಗೆ.

ಎರಡನೇ ಸಲ ಫಿಲ್ಟರ್ ಕ್ಲೀನಾಗೇ ಇತ್ತು, ಪಂಪೂ ತಿರುಗ್ತಿತ್ತು, ತಲೆ ಕೆಟ್ಟುಹೋಯ್ತು. ಕೊನೆಗೆ ಗೋಡೆ ಪೈಪಿಂದ ಡ್ರೇನ್ ಹೋಸ್ ಎಳೆದು ಬಕೆಟ್ಟಿಗೆ ಹಿಡಿದ್ರೆ ಧೋ ಅಂತ ಸುರೀತು. ಮಶೀನಿಗೆ ಏನೂ ಆಗಿರ್ಲಿಲ್ಲ, ಮನೆ ಪೈಪೇ ಬಟ್ಟೆ ಜುಂಗು, ಸೋಪಿನ ಜಿಡ್ಡು ಸೇರಿ ಕಟ್ಕೊಂಡಿತ್ತು. ಪ್ಲಂಬರ್ ಸ್ಪ್ರಿಂಗ್ ಹಾಕಿ ಹತ್ತು ನಿಮಿಷದಲ್ಲಿ ಬಿಡಿಸಿದ. ನೀವೂ ಇದನ್ನ ಮಾಡಿ ನೋಡಿ, ಖರ್ಚೇನಿಲ್ಲ. ಹಾಗೇ ಮಶೀನ್ ಗೋಡೆಗೆ ಒತ್ತಿ ಹೋಸ್ ಮಡಚ್ಕೊಂಡಿದ್ಯಾ, ಹೋಸಿನ ಬಾಯಿ ನೆಲದಿಂದ ಒಂದು ಮೀಟರ್‌ಗಿಂತ ತುಂಬಾ ಮೇಲಿದ್ಯಾ ಅಂತಾನೂ ನೋಡಿ. ಕೈಯಲ್ಲಿ ಒಗೆಯೋ ಪೌಡರ್ ಹಾಕ್ತಿದ್ರೆ ನಿಲ್ಲಿಸಿ, ನೊರೆ ಜಾಸ್ತಿ ಆದ್ರೆ ಪಂಪಿಗೆ ನೀರಿನ ಬದಲು ಗಾಳಿ ಸಿಗುತ್ತೆ, ಎಷ್ಟು ತಿರುಗಿದ್ರೂ ಎತ್ತಲ್ಲ.

(ಟಾಪ್ ಲೋಡ್ ಇರೋರು ಯಾರಾದ್ರೂ ಓದ್ತಿದ್ರೆ, ನಮ್ಮಲ್ಲಿ ಸುಮಾರು ಟಾಪ್ ಲೋಡಲ್ಲಿ ಪಂಪೇ ಇರಲ್ಲ, ನೀರು ತಾನಾಗೇ ಇಳಿದು ಹೋಗ್ಬೇಕು, ಅದಕ್ಕೆ ಪೈಪ್ ನೆಲದ ಮೇಲೇ ಮಲಗಿರ್ಬೇಕು.)

ಇಷ್ಟೆಲ್ಲ ನೋಡಿದ್ಮೇಲೂ ಪಂಪ್ ಉಸಿರೇ ಎತ್ತಲ್ಲ ಅಂದ್ರೆ ಮೆಕ್ಯಾನಿಕ್ಕನ್ನ ಕರೀರಿ. ಇಲಿ ವೈರ್ ಕಡಿದಿದ್ಯಾ ಮೊದ್ಲು ನೋಡೋಕೆ ಹೇಳಿ, ಆಮೇಲೆ ಪಂಪಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ನೋಡೋಕೆ ಹೇಳಿ. ಸಾಮಾನ್ಯವಾಗಿ ನೂರರಿಂದ ಇನ್ನೂರು ಓಮ್ಸ್ ಒಳಗೆ ತೋರಿಸುತ್ತೆ, ಏನೂ ತೋರಿಸ್ದಿದ್ರೆ ಪಂಪಿನೊಳಗಿನ ತಂತಿ ಸುರುಳಿ (ಕಾಯಿಲ್) ಸುಟ್ಟಿದೆ, ಆಗ ಹಾಕಿಸ್ಕೊಳ್ಳಿ, ಹಳೇ ಪಂಪ್ ಮಾತ್ರ ಕೇಳಿ ಇಸ್ಕೊಳ್ಳಿ.