ಎಕ್ಕದ ಹಾಲು, ಪಟ್ಟೆ ಹುಳು

"ಎಕ್ಕದ ಹಾಲು ವಿಷ ಅಂತಾರೆ, ಮತ್ತೆ ಆ ಪಟ್ಟೆ ಹುಳು ಎಲೆ ಹೇಗೆ ಮೇಯುತ್ತದೆ, ಗಿಡ ಉಳಿಯುತ್ತಾ?" ಅಂತ ಕೇಳಿದ್ದೀರಿ. ವಿಷ ನಿಜ. ಆದರೆ ಆ ಹುಳುವಿಗೆ, ಅಂದರೆ ಚಿಟ್ಟೆಯ ಮರಿಗೆ, ಮೊದಲ ಕಾಟ ಅಂಟಿನದು. ಆಗಷ್ಟೇ ಮೊಟ್ಟೆಯಿಂದ ಬಂದ ಮರಿ ಬಾಯಿ ಹಾಕಿದರೆ ಹಾಲು ಉಕ್ಕಿ ಬಾಯಿಗೇ ಮೆತ್ತಿಕೊಳ್ಳುತ್ತದೆ. ಕೆಲವು ಮರಿಗಳು ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ.

ಬೆಳೆದ ಹುಳುವನ್ನು ಸುಮ್ನೆ ಕೂತು ನೋಡಿ. ಮೊದಲು ಎಲೆಯ ನಡುನರವನ್ನು ಕಚ್ಚಿ ಗಾಯ ಮಾಡುತ್ತದೆ. ಹಾಲು ಅಲ್ಲೇ ಸೋರುತ್ತದೆ, ಎಲೆ ಜೋತುಬೀಳುತ್ತದೆ. ಆಮೇಲೆ ಗಾಯದಿಂದ ಆಚೆಗಿನ ತುದಿಯ ಭಾಗವನ್ನು ಆರಾಮಾಗಿ ತಿನ್ನುತ್ತದೆ. ನಲ್ಲಿಗೆ ಬರುವ ಪೈಪನ್ನೇ ಹಿಂದೆ ಒಡೆದ ಹಾಗೆ, ಅಲ್ವಾ?

ಇನ್ನು ವಿಷ. ಹಾಲಿನಲ್ಲಿರುವ ಕಾರ್ಡೆನೊಲೈಡ್‌ ಎಂಬ ವಿಷಗಳು ಜೀವಕೋಶದ ಒಳಗೂ ಹೊರಗೂ ಲವಣಗಳನ್ನು ಸಾಗಿಸುವ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ನಿಲ್ಲಿಸಿಬಿಡುತ್ತವೆ. ಇಂಥದೇ ಪಟ್ಟೆ ಹುಳುವಾಗಿ ಎಕ್ಕದ ಬಳಗದ ಗಿಡಗಳನ್ನೇ ತಿಂದು ಬೆಳೆಯುವ ಮೊನಾರ್ಕ್ ಚಿಟ್ಟೆಯಲ್ಲಿ ಆ ಪಂಪ್ ಕೊಂಚ ಬದಲಾಗಿದೆ, ವಿಷ ಸರಿಯಾಗಿ ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ತಿಂದ ಹಕ್ಕಿಗೆ ವಾಂತಿ! ನನಗಂತೂ ಇದೇ ಜಾಸ್ತಿ ಮಜಾ ಅನಿಸಿದ್ದು.

ಗಿಡದ ಚಿಂತೆ ಬೇಡ, ಮತ್ತೆ ಚಿಗುರುತ್ತದೆ. ಎಲೆ ಮುಟ್ಟಿದರೆ ಕೈ ತೊಳೆದುಕೊಳ್ಳಿ, ಆ ಹಾಲು ಕಣ್ಣಿಗೆ ತಾಗಬಾರದು.