ನೆಟ್ ಇಲ್ಲದ ಪದವಿನಲ್ಲಿ ಡ್ರೋನ್ ರಿಸೀವರ್ ಅಪ್‌ಡೇಟ್ ಮಾಡುವ ಆ್ಯಪ್

ಅಣ್ಣಾ, ನೀವು ಕೇಳಿದ್ದು ಡ್ರೋನಿನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ಡ್ರೋನನ್ನು ದೂರದಿಂದ ನಡೆಸುವ ರೇಡಿಯೋ ವ್ಯವಸ್ಥೆ) ರಿಸೀವರಿಗೆ ನೆಟ್ ಇಲ್ಲದ ಜಾಗದಲ್ಲಿ ಫೋನಿನಿಂದಲೇ ಫರ್ಮ್‌ವೇರ್, ಅಂದರೆ ಅದರೊಳಗೆ ಓಡುವ ಸಾಫ್ಟ್‌ವೇರ್, ಹಾಕುವ ಆ್ಯಪ್ ಮಾಡಬಹುದಾ ಅಂತ ಅಲ್ವಾ? ಖಂಡಿತ ಮಾಡಬಹುದು. ನಾನು ಕಾಸರಗೋಡಿನ ಮುಳ್ಳೇರಿಯಾ ಕಡೆಯವನು. ನಾವು ಡ್ರೋನ್ ಹಾರಿಸುವ ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲಿನಲ್ಲಿ) ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ, ಹಾಗಾಗಿ ಆಂಡ್ರಾಯ್ಡಿನಲ್ಲಿ ನನ್ನ ಮಟ್ಟಿಗೆ ಒಂದು ಮಾಡಿಕೊಂಡಿದ್ದೇನೆ.

ಫರ್ಮ್‌ವೇರ್ ಬರೆದುಕೊಳ್ಳುವ ಕೆಲಸವನ್ನು ರಿಸೀವರೇ ಮಾಡುತ್ತದೆ. ರೇಡಿಯೋ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್, ಆಫ್ ಇಟ್ಟು ರಿಸೀವರಿಗೆ ಕರೆಂಟ್ ಕೊಟ್ಟರೆ ಸುಮಾರು 60 ಸೆಕೆಂಡಿನಲ್ಲಿ ಅದು ತಾನೇ ವೈಫೈ ಆನ್ ಮಾಡಿಕೊಳ್ಳುತ್ತದೆ. ಫೋನನ್ನು ಅದಕ್ಕೆ ಸೇರಿಸಿ ಬ್ರೌಸರಿನಲ್ಲಿ 10.0.0.1 ತೆರೆದು ಫೈಲ್ ಕೊಟ್ಟರೆ ಆಯಿತು. ಆ್ಯಪ್ ಬೇಕಾಗುವುದು ಸರಿಯಾದ ಫೈಲ್ ಆ ಹೊತ್ತಿಗೆ ಕೈಯಲ್ಲಿ ಇರುವುದಕ್ಕೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಇರುವುದೂ ಅಲ್ಲೇ.

3ನೇ ಆವೃತ್ತಿಯಿಂದ ಒಂದೇ ಚಿಪ್ಪಿನ, ಒಂದೇ ಫ್ರೀಕ್ವೆನ್ಸಿಯ ಬೇರೆ ಬೇರೆ ರಿಸೀವರುಗಳಿಗೆ ಒಂದೇ ಫರ್ಮ್‌ವೇರ್ ಸಾಕು. ಯಾವ ಪಿನ್ನಿಗೆ ಏನು ಜೋಡಿಸಿದೆ ಅನ್ನುವುದು ಬೇರೆ ಜೇಸನ್ (ಮಾಹಿತಿ ಬರೆದಿಡುವ ಸಾದಾ ಪಠ್ಯದ) ಫೈಲಿನಲ್ಲಿರುತ್ತದೆ. ಮನೆಯಲ್ಲಿ ನೆಟ್ ಇರುವಾಗ ಇವೆರಡನ್ನೂ ಇಳಿಸಿ ಇಟ್ಟುಕೊಳ್ಳಬೇಕು. ಆಮೇಲೆ ಫರ್ಮ್‌ವೇರಿನ ಬಾಲಕ್ಕೆ ಇದೇ ಕ್ರಮದಲ್ಲಿ ಅಂಟಿಸಬೇಕು: ರಿಸೀವರಿನ ಹೆಸರಿಗೆ 128 ಬೈಟ್, ಚಿಕ್ಕ ಹೆಸರಿಗೆ 16, ನಿಮ್ಮ ಆಯ್ಕೆಗಳಿಗೆ 512, ಹಾರ್ಡ್‌ವೇರ್ ಜೇಸನಿಗೆ 2048, ಉಳಿದ ಜಾಗಕ್ಕೆ ಸೊನ್ನೆ. ಇಎಸ್‌ಪಿ8285 ಚಿಪ್ ಆದರೆ ಇದೆಲ್ಲ ಅಂಟಿಸಿದ ಮೇಲೆ ಜಿಜಿಪ್ ಮಾಡಿ, ಅಂದರೆ ಫೈಲನ್ನು ಒತ್ತಿ ಚಿಕ್ಕದು ಮಾಡಿ. ಆ ಚಿಪ್ಪಿನಲ್ಲಿರುವುದು ಬರೀ 1 ಎಂಬಿ ಫ್ಲ್ಯಾಶ್ ಮೆಮೊರಿ, ಹಳೆಯ ಫರ್ಮ್‌ವೇರ್ ಹೊಸದು ಎರಡೂ ಹಿಡಿಸಬೇಕಲ್ಲ.

ಬೈಂಡಿಂಗ್ ಫ್ರೇಸಿಗೂ, ಅಂದರೆ ರೇಡಿಯೋ ಮತ್ತು ರಿಸೀವರನ್ನು ಜೋಡಿ ಮಾಡಲು ನೀವು ಕೊಡುವ ಪದಕ್ಕೂ, ನೆಟ್ ಬೇಡ. ಎಂಡಿ5 ಹ್ಯಾಶ್ (ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆಯುವ ಸಂಖ್ಯೆ) ಮಾಡಿ ಮೊದಲ 6 ಬೈಟ್ ತೆಗೆದುಕೊಂಡರೆ ಅದೇ ಯುಐಡಿ, ಅಂದರೆ ಆ ಜೋಡಿಯ ಗುರುತು. ಆದರೆ ಬರೀ ಫ್ರೇಸನ್ನು ಹ್ಯಾಶ್ ಮಾಡಬೇಡಿ, ಫರ್ಮ್‌ವೇರ್ ತಯಾರಿಸುವ ಕಂಪೈಲರಿಗೆ ಕೊಡುವ, ಫ್ರೇಸ್ ಇರುವ ಇಡೀ ಡಿಫೈನ್ ಸಾಲನ್ನು ಕೊಟೇಶನ್ ಗುರುತಿನ ಸಮೇತ ಮಾಡಬೇಕು. ಇದು ಗೊತ್ತಾಗದೆ ನಾನು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೇನೆ.

ಇನ್ನು ಫೋನಿನ ವಿಷಯ. ರಿಸೀವರಿನ ವೈಫೈಯಲ್ಲಿ ನೆಟ್ ಇಲ್ಲ ಅಂತ ಗೊತ್ತಾದ ತಕ್ಷಣ ಆಂಡ್ರಾಯ್ಡ್ ಮೆಲ್ಲ ಮೊಬೈಲ್ ಡಾಟಾಕ್ಕೆ ಹಾರುತ್ತದೆ. ವೈಫೈ ಗುರುತು ಮೇಲೆ ಕಾಣುತ್ತಲೇ ಇರುತ್ತದೆ, ಪೇಜ್ ಮಾತ್ರ ತೆರೆಯುವುದಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ವೈಫೈನೆಟ್‌ವರ್ಕ್‌ಸ್ಪೆಸಿಫೈಯರ್ ಅನ್ನುವ ಆಂಡ್ರಾಯ್ಡಿನದ್ದೇ ಸೌಲಭ್ಯ ಬಳಸಿ ಕನೆಕ್ಟ್ ಮಾಡಿ, ಆ್ಯಪನ್ನು ಆ ನೆಟ್‌ವರ್ಕಿಗೇ ಕಟ್ಟಿಹಾಕಿ (ಬೈಂಡ್ ಮಾಡಿ). ಆಂಡ್ರಾಯ್ಡ್ 9ರಿಂದ ಸಾದಾ ಎಚ್‌ಟಿಟಿಪಿ ತನ್ನಿಂದ ತಾನೇ ಬಂದ್ ಇರುತ್ತದೆ, 10.0.0.1ಕ್ಕೆ ಮಾತ್ರ ಅನುಮತಿ ಕೊಡಿ. ಐಫೋನಿಗೂ ಮಾಡುವುದಾದರೆ ಲೋಕಲ್ ನೆಟ್‌ವರ್ಕ್ ಅನುಮತಿ ಕೇಳಬೇಕು.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ ಮಾರಾಯ್ರೆ. ಫೈಲ್ ಬೇರೆ ಟಾರ್ಗೆಟಿನದ್ದಾದರೆ, ಅಂದರೆ ಬೇರೆ ಮಾದರಿಯ ರಿಸೀವರಿನದ್ದಾದರೆ, ರಿಸೀವರ್ ಹೊಂದಿಕೆ ಇಲ್ಲ ಅನ್ನುತ್ತದೆ, ಆದರೂ ಬಲವಂತವಾಗಿ ಹಾಕುವ ದಾರಿ ಇದೆ. ಆ ಬಟನ್ನನ್ನು ನಿಮ್ಮ ಆ್ಯಪಿನಲ್ಲಿ ಇಡಲೇಬೇಡಿ. ಬಿಸಿಲಲ್ಲಿ, ಅವಸರದಲ್ಲಿ ಯಾರಾದರೂ ಒತ್ತಿಯೇ ಒತ್ತುತ್ತಾರೆ.

ಅಪ್‌ಲೋಡ್ ಮುಗಿಯಿತು ಅಂತ ಬಂದ ಕೂಡಲೇ ಬ್ಯಾಟರಿ ಕೀಳಬಾರದು. ಒಳಗೆ ಇನ್ನೂ ಕಾಪಿ ಆಗುತ್ತಿರುತ್ತದೆ. ನಮ್ಮ ಗೆಳೆಯನೊಬ್ಬ ಹಾಗೆ ಕಿತ್ತು ರಿಸೀವರ್ ಸತ್ತುಹೋಯಿತು, ಆಮೇಲೆ ವಯರ್ ಬೆಸುಗೆ ಹಾಕಿ ಎಬ್ಬಿಸಬೇಕಾಯಿತು. ಎಲ್‌ಇಡಿ ಪುನಃ ಮಿನುಗುವ ತನಕ ಕಾಯಿರಿ ಅಂತ ಆ್ಯಪ್ ಪರದೆಯಲ್ಲಿ ದೊಡ್ಡದಾಗಿ ತೋರಿಸಲಿ. ಅಷ್ಟು ಹೊತ್ತು ಬ್ಯಾಟರಿ ಹಾಕಿಟ್ಟರೆ ಗಾಳಿಯಿಲ್ಲದೆ ವಿಡಿಯೋ ಟ್ರಾನ್ಸ್‌ಮಿಟರ್ ಕಾದುಹೋಗುತ್ತದೆ, ಕೆಲವು ಬೋರ್ಡುಗಳಲ್ಲಿ ರಿಸೀವರಿಗೆ ಯುಎಸ್‌ಬಿ ಕರೆಂಟೇ ಸಾಕು, ಪವರ್‌ಬ್ಯಾಂಕ್ ಒಯ್ಯಿರಿ. ಪ್ರೊಪೆಲ್ಲರ್ ಬಿಚ್ಚಿಡಿ.

ಮತ್ತೆ, 2 ಮತ್ತು 3ನೇ ಆವೃತ್ತಿಗಳು ಒಂದಕ್ಕೊಂದು ಮಾತಾಡುವುದಿಲ್ಲ. ರೇಡಿಯೋದ ಫೈಲನ್ನೂ ಒಟ್ಟಿಗೇ ಇಳಿಸಿಡಿ, ಇಲ್ಲದಿದ್ದರೆ ಗುಡ್ಡೆ ಹತ್ತಿದ್ದು ದಂಡ.

ನಿಮ್ಮ ರಿಸೀವರಿನಲ್ಲಿ ಯಾವ ಚಿಪ್ ಇದೆ, ಈಗ ಯಾವ ಆವೃತ್ತಿ ಇದೆ ಅಂತ ಇಲ್ಲೇ ಹಾಕಿ. ಫೈಲ್ ಅಂಟಿಸುವ ಕೋಡ್ ಕಳಿಸುತ್ತೇನೆ.