ಕ್ಷಯರೋಗಿಗಳಿಗೆ ಆಹಾರದ ಕಿಟ್ ಕೊಡುವುದನ್ನು ನಿಲ್ಲಿಸಿ ಆ ಹಣವನ್ನು ಜಾಗೃತಿ ಕಾರ್ಯಕ್ರಮಕ್ಕೆ ಬಳಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಟ್ರಸ್ಟಿನಲ್ಲಿ ಈಗ ಎದ್ದಿರುವ ಪ್ರಶ್ನೆ, ಕುಷ್ಟಗಿ ಭಾಗದಲ್ಲಿ ಕ್ಷಯರೋಗದ ಕೆಲಸ ಮಾಡುತ್ತಿದ್ದ ಸೇವಾ ಸಂಸ್ಥೆಯೊಂದರಲ್ಲಿ ನಾನು ಕ್ಷೇತ್ರ ಕಾರ್ಯಕರ್ತನಾಗಿದ್ದಾಗ ನಮ್ಮ ಸಭೆಯಲ್ಲೂ ಎದ್ದಿತ್ತು. ಅಕ್ಕಿ ಬೇಳೆ ಹಂಚುವುದು ನಮ್ಮ ಕೆಲಸವಲ್ಲ, ರೋಗಿ ಮಾತ್ರೆ ತಪ್ಪಿಸದಂತೆ ನೋಡಿಕೊಂಡರೆ ಸಾಕು ಎಂದು ಅಂದು ವಾದಿಸಿದವನು ನಾನೇ.

2019ರಲ್ಲಿ ನನ್ನ ಪಾಲಿಗೆ ಬಂದ ರೋಗಿಗಳಲ್ಲಿ ಗ್ರಾನೈಟ್ ಕ್ವಾರಿಯ ಕಾರ್ಮಿಕರೊಬ್ಬರಿದ್ದರು. ವರ್ಷಗಟ್ಟಲೆ ಕಲ್ಲಿನ ದೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬಹಳ ಬೇಗ ತಗಲುತ್ತದೆ. ಚಿಕಿತ್ಸೆ ಆರಂಭವಾದಾಗ ಅವರ ತೂಕ 38 ಕಿಲೋ. ಎರಡು ತಿಂಗಳು ನಾಲ್ಕು ಔಷಧ, ನಂತರದ ನಾಲ್ಕು ತಿಂಗಳು ಮೂರು ಔಷಧ ಎಂಬ ಕ್ರಮವನ್ನು ವಿವರಿಸಿದ್ದೆ. ಹೋದಾಗಲೆಲ್ಲ ಖಾಲಿ ಸ್ಟ್ರಿಪ್ ಎಣಿಸುತ್ತಿದ್ದೆ. ಒಂದು ಮಾತ್ರೆಯೂ ಉಳಿದಿರುತ್ತಿರಲಿಲ್ಲ. ಎರಡನೆಯ ತಿಂಗಳ ಕೊನೆಯ ಕಫ ಪರೀಕ್ಷೆಯೂ ನೆಗೆಟಿವ್ ಬಂತು.

ಅದೇ ದಿನ ತುಂಬಬೇಕಿದ್ದ ನಮೂನೆಯಲ್ಲಿ ತೂಕದ ಕಾಲಂ ಇತ್ತು. ತೂಕದ ಯಂತ್ರವನ್ನು ಬೈಕಿನಲ್ಲಿ ಹೊತ್ತು ತಿರುಗುವುದು ಕಷ್ಟವೆಂದು ನಾನದನ್ನು ಕಚೇರಿಯಲ್ಲೇ ಬಿಟ್ಟಿದ್ದೆ. ಹಳೆಯ ಕಾರ್ಡ್ ನೋಡಿ ಮತ್ತೆ 38 ಎಂದೇ ಬರೆದೆ. ಕಫ ನೆಗೆಟಿವ್ ಆದ ಮೇಲೆ ತೂಕದಲ್ಲೇನಿದೆ ಎಂಬ ಧೋರಣೆ ನನ್ನದು. ಕ್ಷಯದ ಮಾತ್ರೆಯ ಪ್ರಮಾಣ ನಿಗದಿಯಾಗುವುದೇ ತೂಕದ ಮೇಲೆ ಎಂಬುದು ನನಗೆ ಗೊತ್ತಿತ್ತು. ರೋಗಿಯ ತೂಕ ಇಳಿಯುತ್ತಿದ್ದರೆ ವೈದ್ಯರು ಕಾರಣ ಹುಡುಕುತ್ತಾರೆ ಎಂಬುದೂ ಗೊತ್ತಿತ್ತು. ನಾನು ಬರೆದ ಸಂಖ್ಯೆಯನ್ನು ನಂಬಿದ ವೈದ್ಯರು ಏನನ್ನೂ ಹುಡುಕಲಿಲ್ಲ. ಮುಂದಿನ ಭೇಟಿಯಲ್ಲಿ ಆ ಕಾರ್ಮಿಕರ ಹೆಂಡತಿ, "ಅಣ್ಣಾರ, ಹೊಟ್ಯಾಗ ಏನೂ ಇಲ್ದ ಗುಳಿಗಿ ನುಂಗ್ತಾರ್ರಿ, ನುಂಗಿದ ಕೂಡ್ಲೆ ವಾಂತಿ ಮಾಡ್ಕೋತಾರ" ಎಂದರು. ಆಗ ತೂಗಿದರೆ 33 ಕಿಲೋ. ಆಸ್ಪತ್ರೆಗೆ ಸೇರಿಸಿದೆವು, ಉಳಿಯಲಿಲ್ಲ.

ಹಾಗಾಗಿ ಜಾಗೃತಿಯೋ ಆಹಾರವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವರಿಗೆ ಜಾಗೃತಿಯ ಕೊರತೆ ಇರಲಿಲ್ಲ, ಒಂದು ಮಾತ್ರೆಯನ್ನೂ ಬಿಟ್ಟವರಲ್ಲ. ಮನೆಯಲ್ಲಿ ಬೆಳಗಿನ ಹೊತ್ತು ತಿನ್ನಲು ರೊಟ್ಟಿ ಇರಲಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇ 60ರಷ್ಟು ಕಡಿಮೆ ಇತ್ತು. ನಮ್ಮ ಕ್ವಾರಿ ಕಾರ್ಮಿಕರ ಲೆಕ್ಕದಲ್ಲಿ ಅದು ಪೂರ್ತಿ ಎರಡು ಕಿಲೋ ಕೂಡ ಅಲ್ಲ. ಮನೆಮಂದಿಗೂ ಆಹಾರ ಕೊಟ್ಟ ಕಡೆ, ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇ 40ರಷ್ಟು ತಗ್ಗಿತು.

ಸರ್ಕಾರ ಹಣ ಕೊಡುತ್ತದಲ್ಲ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಹೇಳಬಹುದು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿರುವುದು ನಿಜ. ಆದರೆ ದುಡಿಯುವವನೇ ಹಾಸಿಗೆ ಹಿಡಿದ ಐದು ಜನರ ಮನೆಯಲ್ಲಿ ಅದು ಬಾಡಿಗೆಗೋ ಸಾಲದ ಕಂತಿಗೋ ಹೋಗುತ್ತದೆ. ನೀವು ಕೊಡುವ ಕಿಟ್ ಕೂಡ ರೋಗಿಯೊಬ್ಬನ ಲೆಕ್ಕದಲ್ಲಿದ್ದರೆ ಐದು ಪಾಲಾಗುತ್ತದೆ, ಏಕೆಂದರೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಒಬ್ಬನೇ ಉಣ್ಣುವ ತಂದೆಯನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಮನೆಯ ಎಲ್ಲರ ಲೆಕ್ಕದಲ್ಲಿ ಕೊಡಿ, ಅದರಿಂದ ಕುಟುಂಬಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಬ್ಯಾನರು, ವೇದಿಕೆಗೆಂದು ಎತ್ತಿಟ್ಟ ಹಣದಲ್ಲಿ ಪ್ರತಿ ಕಾರ್ಯಕರ್ತನಿಗೂ ಹಗುರವಾದ ತೂಕದ ಯಂತ್ರವೊಂದನ್ನು ಕೊಡಿಸಿ, ಕಿಟ್ ಕೊಡುವ ದಿನವೇ ರೋಗಿಯನ್ನು ಅದರ ಮೇಲೆ ನಿಲ್ಲಿಸಿ ತೂಕ ಬರೆಯುವ ನಿಯಮ ಮಾಡಿ.